ಮನೆಯ ನಾಯಿ ಬೆಕ್ಕುಗಳ ಆಹಾರವೂ ಆರೋಗ್ಯವೂ

ರಾಜಾಜಿನಗರ, ವಿಜಯನಗರ ಅಥವಾ ಬಸವೇಶ್ವರನಗರದ ಯಾವ ಅಡ್ಡರಸ್ತೆಯಲ್ಲಾದರೂ ರಾತ್ರಿಯ ಊಟದ ಹೊತ್ತಿನಲ್ಲಿ ನಡೆದುಹೋದರೆ ಒಂದು ದೃಶ್ಯವು ಕಣ್ಣಿಗೆ ಬೀಳದೆ ಇರದು. ಮನೆಮಂದಿಯ ಊಟ ಮುಗಿದಿರುತ್ತದೆ. ಪಾತ್ರೆಯಲ್ಲಿ ಉಳಿದ ಅನ್ನಕ್ಕೆ ಉಳಿದ ಸಾರನ್ನು ಬೆರೆಸಿ, ಬಾಗಿಲ ಬಳಿ ಕಾದಿರುವ ನಾಯಿಯ ತಟ್ಟೆಗೆ ಯಾರಾದರೊಬ್ಬರು ಸುರಿಯುತ್ತಾರೆ. ನಾಯಿಯು ಬಾಲವಾಡಿಸುತ್ತ ತಟ್ಟೆಯನ್ನು ನೆಕ್ಕಿ ಬರಿದುಮಾಡುತ್ತದೆ. ಮನೆಯವರಿಗೂ ತೃಪ್ತಿ, ನಾಯಿಗೂ ತೃಪ್ತಿ.

ಪ್ರೀತಿಯಿಂದ ಬಡಿಸಿದ ಈ ಸಾರನ್ನದಲ್ಲಿ ದೋಷವೇನಾದರೂ ಉಂಟೆ? ನಾವು ಉಂಡು ಅರಗಿಸಿಕೊಂಡ ಪದಾರ್ಥವು ನಮ್ಮ ಮನೆಯ ಪ್ರಾಣಿಗೆ ಏಕೆ ಒಗ್ಗಬಾರದು? ಈ ಪ್ರಶ್ನೆಗೆ ಉತ್ತರವು ಪ್ರಾಣಿಗಳ ದೇಹದೊಳಗೆ ನಡೆಯುವ ರಾಸಾಯನಿಕ ಕ್ರಿಯೆಗಳಲ್ಲಿ ಅಡಗಿದೆ. ಮನುಷ್ಯ, ನಾಯಿ, ಬೆಕ್ಕು, ಈ ಮೂವರೂ ಒಂದೇ ಸೂರಿನಡಿ ಬಾಳಿದರೂ ಇವರ ಪಿತ್ತಜನಕಾಂಗ, ಮೂತ್ರಪಿಂಡ ಮತ್ತು ರಕ್ತಕಣಗಳು ಒಂದೇ ಬಗೆಯಾಗಿ ಕೆಲಸಮಾಡುವುದಿಲ್ಲ. ಒಬ್ಬರಿಗೆ ಅನ್ನವಾದದ್ದು ಇನ್ನೊಬ್ಬರಿಗೆ ವಿಷವಾಗಬಹುದು. ಈ ಭೇದವನ್ನು ಅರಿಯುವುದೇ ಸಾಕುಪ್ರಾಣಿಗಳ ಪಾಲನೆಯ ಮೊದಲ ಪಾಠ.

ನಾಯಿಯು ಅನ್ನವನ್ನು ಅರಗಿಸಬಲ್ಲುದೆ?

ಮೊದಲು ಅನ್ನದ ವಿಚಾರವನ್ನೇ ನೋಡೋಣ. ನಾಯಿಯು ತೋಳನ ಸಂತತಿಗೆ ಸೇರಿದ ಮಾಂಸಾಹಾರಿ. ಆದುದರಿಂದ ಅದಕ್ಕೆ ಧಾನ್ಯವು ಸಲ್ಲದು ಎಂದು ಕೆಲವರು ವಾದಿಸುವುದುಂಟು. ಇದು ಪೂರ್ಣ ಸತ್ಯವಲ್ಲ. ಸ್ವೀಡನ್ ದೇಶದ ಉಪ್ಸಲ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಈ ವಿಷಯದ ಮೇಲೆ ಬೆಳಕು ಚೆಲ್ಲಿತು. ಪಿಷ್ಟವನ್ನು ಒಡೆದು ಸಕ್ಕರೆಯನ್ನಾಗಿ ಮಾಡುವ ಅಮೈಲೇಸ್ ಎಂಬ ಕಿಣ್ವವನ್ನು ಮೇದೋಜೀರಕಾಂಗವು ತಯಾರಿಸುತ್ತದೆಯಷ್ಟೆ. ಈ ಕಿಣ್ವದ ಜೀನ್ ತೋಳನಲ್ಲಿ 2 ಪ್ರತಿಗಳು ಮಾತ್ರ ಇದ್ದರೆ, ನಾಯಿಗಳಲ್ಲಿ 4ರಿಂದ 30 ಪ್ರತಿಗಳವರೆಗೆ ಇರುವುದು ಕಂಡುಬಂದಿತು. ಸಹಸ್ರಾರು ವರ್ಷ ಮನುಷ್ಯನ ಹೊಲಮನೆಗಳ ಬಳಿ ಬದುಕಿದ ನಾಯಿಯು ಅವನ ಧಾನ್ಯವನ್ನು ಅರಗಿಸಲು ಕಲಿತಿದೆ.

ಆದುದರಿಂದ ಚೆನ್ನಾಗಿ ಬೆಂದ ಅನ್ನವಾಗಲಿ ರಾಗಿಯ ಮುದ್ದೆಯಾಗಲಿ ನಾಯಿಗೆ ಅಪಥ್ಯವಲ್ಲ. ಆದರೆ ಅವಷ್ಟೇ ಸಾಲವು. ದೋಷವಿರುವುದು ಅನ್ನದಲ್ಲಿ ಅಲ್ಲ, ಅದಕ್ಕೆ ಕಲಸುವ ಸಾರಿನಲ್ಲಿ.

ಈರುಳ್ಳಿಯೂ ಬೆಳ್ಳುಳ್ಳಿಯೂ

ನಮ್ಮ ಸಾರು, ಹುಳಿ, ಗೊಜ್ಜುಗಳಿಗೆ ರುಚಿ ಕೊಡುವ ಈರುಳ್ಳಿಯಲ್ಲಿ ಗಂಧಕವುಳ್ಳ ಹಲವು ಸಂಯುಕ್ತಗಳಿವೆ. ಇವು ದೇಹವನ್ನು ಸೇರಿದಾಗ ಕೆಂಪು ರಕ್ತಕಣಗಳೊಳಗಿನ ಹೀಮೋಗ್ಲೋಬಿನ್ನನ್ನು ಉತ್ಕರ್ಷಣಗೊಳಿಸುತ್ತವೆ. ಮನುಷ್ಯನ ರಕ್ತಕಣಗಳು ಈ ಆಘಾತವನ್ನು ತಡೆದುಕೊಳ್ಳಬಲ್ಲವು. ನಾಯಿ ಬೆಕ್ಕುಗಳ ರಕ್ತಕಣಗಳಿಗೆ ಆ ಸಾಮರ್ಥ್ಯವು ಕಡಿಮೆ. ಕೆಟ್ಟುಹೋದ ಹೀಮೋಗ್ಲೋಬಿನ್ ಸಣ್ಣ ಗಂಟುಗಳಾಗಿ ಕಣದ ಅಂಚಿಗೆ ಅಂಟಿಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಾಣುವ ಈ ಗಂಟುಗಳನ್ನು 1890ರಲ್ಲಿ ವರ್ಣಿಸಿದ ಜರ್ಮನ್ ವಿಜ್ಞಾನಿಯ ಹೆಸರಿನಿಂದ ‘ಹೈನ್ಜ್ ಕಾಯ’ಗಳೆಂದು ಕರೆಯುತ್ತಾರೆ. ಇಂತಹ ಕಣಗಳು ಒಡೆದು ನಾಶವಾಗಿ ಪ್ರಾಣಿಗೆ ರಕ್ತಹೀನತೆ ಉಂಟಾಗುತ್ತದೆ.

ಪ್ರಮಾಣವೆಷ್ಟು? ನಾಯಿಯ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 15ರಿಂದ 30 ಗ್ರಾಂ ಈರುಳ್ಳಿಯು ರಕ್ತದಲ್ಲಿ ವಿಕಾರವನ್ನು ಉಂಟುಮಾಡಬಲ್ಲುದು. ಬೆಕ್ಕಿಗಾದರೋ ಕಿಲೋಗ್ರಾಮಿಗೆ 5 ಗ್ರಾಮೇ ಸಾಕು. 10 ಕಿಲೋಗ್ರಾಂ ತೂಕದ ನಾಯಿಗೆ 150 ಗ್ರಾಂ, ಎಂದರೆ ಮಧ್ಯಮ ಗಾತ್ರದ ಎರಡು ಈರುಳ್ಳಿ ಅಪಾಯಕರ. 4 ಕಿಲೋಗ್ರಾಂ ತೂಕದ ಬೆಕ್ಕಿಗೆ ಕೇವಲ 20 ಗ್ರಾಂ. ಒಂದು ಸೌಟು ಬೇಳೆಸಾರಿನಲ್ಲಿ ಇಷ್ಟು ಈರುಳ್ಳಿ ಇರಲಾರದು, ನಿಜ. ಆದರೆ ಭಾನುವಾರದ ಕೋಳಿಸಾರಿನ ಮಸಾಲೆಯಲ್ಲಿ ಅರೆದ ಈರುಳ್ಳಿಯ ಪ್ರಮಾಣವು ಕಡಿಮೆಯೇನಲ್ಲ. ಮೇಲಾಗಿ, ದಿನದಿನವೂ ಸ್ವಲ್ಪ ಸ್ವಲ್ಪವಾಗಿ ತಿಂದ ಈರುಳ್ಳಿಯೂ ರಕ್ತಕಣಗಳಿಗೆ ಹಾನಿಮಾಡುತ್ತ ಹೋಗುತ್ತದೆ. ಬೇಯಿಸಿದರೂ ಒಣಗಿಸಿದರೂ ಈ ವಿಷವು ನಾಶವಾಗದು. ಬೆಳ್ಳುಳ್ಳಿಯು ತೂಕಕ್ಕೆ ತೂಕ ಈರುಳ್ಳಿಗಿಂತಲೂ ಪ್ರಬಲವಾದದ್ದು.

ಈ ಪರಿಣಾಮವು ತಿಂದ ಕೂಡಲೆ ತೋರುವುದಿಲ್ಲ. ಕೆಲವು ದಿನಗಳ ಬಳಿಕ ನಾಯಿಯು ಬಳಲುತ್ತದೆ, ಏದುತ್ತದೆ, ಅದರ ವಸಡು ಬಿಳಿಚಿಕೊಳ್ಳುತ್ತದೆ, ಮೂತ್ರವು ಕಂದುಬಣ್ಣಕ್ಕೆ ತಿರುಗುತ್ತದೆ. ಆ ಹೊತ್ತಿಗೆ ಕಳೆದ ಭಾನುವಾರದ ಸಾರನ್ನು ಯಾರೂ ನೆನೆಯುವುದಿಲ್ಲ.

ದ್ರಾಕ್ಷಿಯಿಂದ ಹುಣಸೆಯವರೆಗೆ

ಬೆಂಗಳೂರಿನ ಸುತ್ತಮುತ್ತ ಬೆಳೆಯುವ ‘ಬೆಂಗಳೂರು ನೀಲಿ’ ದ್ರಾಕ್ಷಿಯು ಪ್ರಸಿದ್ಧವಾದದ್ದು. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚನೆಯ ಮಾನ್ಯತೆಯೂ ದೊರೆಯಿತು. ಹಬ್ಬದ ದಿನ ನಮ್ಮ ಪಾಯಸಕ್ಕೂ ಕೇಸರಿಭಾತಿಗೂ ಒಣದ್ರಾಕ್ಷಿ ಬೇಕೇ ಬೇಕು. ಈ ದ್ರಾಕ್ಷಿಯು ಹಸಿಯಾಗಲಿ ಒಣಗಿದ್ದಾಗಲಿ ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲುದೆಂಬುದು ಈ ಶತಮಾನದ ಆರಂಭದಲ್ಲಿ ಪಶುವೈದ್ಯರ ಗಮನಕ್ಕೆ ಬಂದಿತು. ಆದರೆ ಒಂದು ನಾಯಿ ಹಿಡಿತುಂಬ ತಿಂದೂ ಸುಖವಾಗಿರುವುದು, ಇನ್ನೊಂದು ನಾಲ್ಕು ಹಣ್ಣು ತಿಂದು ಸಾಯುವುದು, ಇದು ಬಹುಕಾಲ ಒಗಟಾಗಿಯೇ ಉಳಿದಿತ್ತು.

ಒಗಟನ್ನು ಬಿಡಿಸುವ ಸುಳಿವು ದೊರೆತದ್ದು ಅನಿರೀಕ್ಷಿತವಾದ ಕಡೆಯಿಂದ. ಅಮೆರಿಕದಲ್ಲಿ ಮಕ್ಕಳ ಆಟಕ್ಕೆಂದು ಮನೆಯಲ್ಲಿ ಕಲಸಿದ ಹಿಟ್ಟನ್ನು ತಿಂದ ನಾಯಿಯೊಂದರಲ್ಲಿ ದ್ರಾಕ್ಷಿಯ ವಿಷದಂತಹುದೇ ಲಕ್ಷಣಗಳು ತೋರಿದವು. ಆ ಹಿಟ್ಟಿನಲ್ಲಿ ದ್ರಾಕ್ಷಿಯು ಇರಲಿಲ್ಲ. ಟಾರ್ಟಾರಿಕ್ ಆಮ್ಲದ ಒಂದು ಲವಣವಿತ್ತು. ದ್ರಾಕ್ಷಿಯ ಹುಳಿಗೆ ಕಾರಣವೂ ಅದೇ ಆಮ್ಲ. ಅದರ ಪ್ರಮಾಣವು ಹಣ್ಣಿನ ತಳಿಗೂ ಮಾಗಿದ ಹದಕ್ಕೂ ಅನುಗುಣವಾಗಿ ಬದಲಾಗುವುದರಿಂದ, ಒಂದು ನಾಯಿ ಬದುಕಿ ಮತ್ತೊಂದು ಸಾಯುವ ಒಗಟಿಗೂ ಸಮಾಧಾನ ದೊರೆತಂತಾಯಿತು. 2021ರಲ್ಲಿ ಪಶುವೈದ್ಯರು ಈ ಊಹೆಯನ್ನು ಮುಂದಿಟ್ಟರು. ಮರುವರ್ಷ ಪ್ರಕಟವಾದ ವರದಿಯಲ್ಲಿ ಹುಣಸೆಹಣ್ಣನ್ನು ತಿಂದು ಮೂತ್ರಪಿಂಡಗಳು ಕೆಟ್ಟ ನಾಯಿಗಳ ವಿವರವೂ ಸೇರಿತ್ತು.

ಹುಣಸೆಯ ಹೆಸರನ್ನು ಕೇಳಿ ನಮ್ಮ ವಾಚಕರ ಕಿವಿ ನಿಮಿರಬೇಕು. ದ್ರಾಕ್ಷಿಯಲ್ಲಿ ಟಾರ್ಟಾರಿಕ್ ಆಮ್ಲವು ಸಾಮಾನ್ಯವಾಗಿ ನೂರಕ್ಕೆ 2 ಭಾಗವನ್ನು ಮೀರದು; ಹುಣಸೆಯ ತಿರುಳಿನಲ್ಲಿ ಅದು ನೂರಕ್ಕೆ 8ರಿಂದ 18 ಭಾಗದವರೆಗೆ ಇರುತ್ತದೆ. ತಿಳಿಸಾರಿನ ಒಂದೆರಡು ಚಮಚದಿಂದ ನಾಯಿಯು ಸತ್ತೀತೆಂದು ಹೆದರಬೇಕಾದುದಿಲ್ಲ. ಆದರೆ ಪುಳಿಯೋಗರೆಯ ಗೊಜ್ಜು, ಹುಣಸೆಯ ಉಂಡೆ, ಪಾಯಸದ ದ್ರಾಕ್ಷಿ, ಇವು ನಾಯಿಯ ಬಾಯಿಗೆ ಸಿಗದಂತೆ ಇಡುವುದು ವಿವೇಕ. ಇವನ್ನು ತಿಂದ ನಾಯಿಯು ವಾಂತಿಮಾಡತೊಡಗಿದರೆ ಮರುದಿನದವರೆಗೆ ಕಾಯದೆ ವೈದ್ಯರಲ್ಲಿಗೆ ಕೊಂಡೊಯ್ಯಬೇಕು.

ಇದೇ ಪಟ್ಟಿಗೆ ಇನ್ನೆರಡು ಪದಾರ್ಥಗಳನ್ನು ಸೇರಿಸಬಹುದು. ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ಎಂಬ ವಸ್ತುವನ್ನು ನಮ್ಮ ದೇಹವು ಬೇಗನೆ ಹೊರಹಾಕುತ್ತದೆ. ನಾಯಿಯ ದೇಹದಲ್ಲಿ ಅದರ ಅರ್ಧಭಾಗ ಕರಗಲು ಸುಮಾರು 17 ಗಂಟೆ ಬೇಕು. ಅಷ್ಟು ಹೊತ್ತೂ ಅದು ಹೃದಯವನ್ನೂ ನರಗಳನ್ನೂ ಕೆರಳಿಸುತ್ತಿರುತ್ತದೆ. ಸಕ್ಕರೆಯಿಲ್ಲದ ಚೂಯಿಂಗ್ ಗಮ್‌ಗಳಲ್ಲಿ ಬಳಸುವ ಕ್ಸೈಲಿಟಾಲ್ ಎಂಬ ಸಿಹಿವಸ್ತುವು ನಾಯಿಯಲ್ಲಿ ಇನ್ಸುಲಿನ್ನನ್ನು ಒಮ್ಮೆಲೇ ಸುರಿಸಿ, ರಕ್ತದ ಸಕ್ಕರೆಯನ್ನು ಪ್ರಾಣಾಪಾಯದ ಮಟ್ಟಕ್ಕೆ ಇಳಿಸುತ್ತದೆ. ಬೇಯಿಸಿದ ಕೋಳಿಯ ಮೂಳೆಯು ವಿಷವಲ್ಲವಾದರೂ ಚೂಪಾದ ಸಿಬಿರುಗಳಾಗಿ ಒಡೆದು ಕರುಳನ್ನು ಚುಚ್ಚಬಲ್ಲುದು.

ಬೆಕ್ಕು ಚಿಕ್ಕ ನಾಯಿಯಲ್ಲ

ನಾಯಿಗೆ ಒಗ್ಗುವುದೆಲ್ಲ ಬೆಕ್ಕಿಗೆ ಒಗ್ಗುವುದೆಂದು ಭಾವಿಸುವುದು ದೊಡ್ಡ ತಪ್ಪು. ನಾಯಿಯು ಧಾನ್ಯಕ್ಕೆ ಹೊಂದಿಕೊಂಡಿತು, ಬೆಕ್ಕು ಹೊಂದಿಕೊಳ್ಳಲಿಲ್ಲ. ಅದು ಇಂದಿಗೂ ಕಟ್ಟಾ ಮಾಂಸಾಹಾರಿ. ಟಾರಿನ್ ಎಂಬ ಪದಾರ್ಥವು ಬೆಕ್ಕಿನ ಬಾಳಿಗೆ ಅತ್ಯಗತ್ಯ. 1827ರಲ್ಲಿ ಎತ್ತಿನ ಪಿತ್ತದಿಂದ ಮೊದಲು ಬೇರ್ಪಡಿಸಲ್ಪಟ್ಟ ಈ ವಸ್ತುವು ಮಾಂಸ ಮೀನುಗಳಲ್ಲಿ ಹೇರಳವಾಗಿದ್ದು, ಧಾನ್ಯ ತರಕಾರಿಗಳಲ್ಲಿ ಇಲ್ಲವೆಂದೇ ಹೇಳಬಹುದು. ನಮ್ಮ ದೇಹವೂ ನಾಯಿಯ ದೇಹವೂ ಇದನ್ನು ತಕ್ಕಮಟ್ಟಿಗೆ ತಾವೇ ತಯಾರಿಸಿಕೊಳ್ಳುತ್ತವೆ. ಬೆಕ್ಕಿನ ದೇಹವು ಸಾಕಷ್ಟು ತಯಾರಿಸಲಾರದು. ಟಾರಿನ್ನಿನ ಕೊರತೆಯಿಂದ ಬೆಕ್ಕಿನ ಅಕ್ಷಿಪಟಲವು ನಶಿಸಿ ಕುರುಡುತನ ಬರುವುದೆಂದು 1975ರಲ್ಲಿಯೂ, ಹೃದಯದ ಸ್ನಾಯುಗಳು ಸಡಿಲಗೊಂಡು ಸಾವು ಸಂಭವಿಸುವುದೆಂದು 1987ರಲ್ಲಿಯೂ ಸಂಶೋಧನೆಗಳಿಂದ ವಿದಿತವಾಯಿತು. ಅಲ್ಲದೆ ತರಕಾರಿಯ ಕ್ಯಾರೊಟೀನಿನಿಂದ ‘ಎ’ ಜೀವಸತ್ವವನ್ನು ತಯಾರಿಸುವ ಶಕ್ತಿಯೂ ಬೆಕ್ಕಿಗಿಲ್ಲ.

ಆದುದರಿಂದ ಮೊಸರನ್ನ, ಹಾಲನ್ನಗಳ ಮೇಲೆಯೇ ಸಾಕಿದ ಬೆಕ್ಕು ಇಲಿ ಹಲ್ಲಿಗಳನ್ನು ಹಿಡಿದು ತಿನ್ನದಿದ್ದರೆ ಕ್ರಮೇಣ ಕ್ಷೀಣಿಸುತ್ತದೆ. ಬಹುಮಹಡಿಯ ಮನೆಗಳಲ್ಲಿ ಬೇಟೆಗೆ ಅವಕಾಶವಿಲ್ಲದೆ ಬಾಳುವ ಬೆಕ್ಕುಗಳ ವಿಷಯದಲ್ಲಿ ಇದು ಮುಖ್ಯವಾದ ಸಂಗತಿ. ಮನೆಯಲ್ಲಿ ಮಾಂಸವನ್ನು ಬೇಯಿಸದ ಕುಟುಂಬದವರು ಬೆಕ್ಕನ್ನು ಸಾಕುವುದಾದರೆ, ಬೆಕ್ಕಿಗೆಂದೇ ಟಾರಿನ್ ಸೇರಿಸಿ ತಯಾರಿಸಿದ ಆಹಾರವನ್ನು ಕೊಡುವುದು ಕರ್ತವ್ಯ. ಬೆಳೆದ ಬೆಕ್ಕುಗಳಲ್ಲಿ ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವವು ಕಡಿಮೆಯಾಗುವುದರಿಂದ, ಹಾಲು ಕುಡಿದು ಭೇದಿಯಾಗುವುದೂ ಸಾಮಾನ್ಯ.

ಬೆಕ್ಕಿನ ಪಿತ್ತಜನಕಾಂಗಕ್ಕೂ ಒಂದು ನ್ಯೂನತೆಯುಂಟು. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ನಮ್ಮ ಪಿತ್ತಜನಕಾಂಗವು ಗ್ಲುಕುರಾನಿಕ್ ಆಮ್ಲದೊಡನೆ ಬೆಸೆದು ನಿರಪಾಯಗೊಳಿಸುತ್ತದೆ. ಈ ಬೆಸುಗೆಗೆ ಬೇಕಾದ ಕಿಣ್ವದ ಜೀನ್ ಬೆಕ್ಕಿನಲ್ಲಿ ಕೆಟ್ಟುಹೋಗಿದೆ. ಪರಿಣಾಮವಾಗಿ 500 ಮಿಲಿಗ್ರಾಮಿನ ಒಂದೇ ಮಾತ್ರೆಯು ಬೆಕ್ಕನ್ನು ಕೊಲ್ಲಬಲ್ಲುದು. ಬೆಕ್ಕು ಮಂಕಾಗಿದೆಯೆಂದು ಕರುಣೆಯಿಂದ ನಮ್ಮ ಔಷಧದ ಪೆಟ್ಟಿಗೆಯನ್ನು ತೆರೆಯುವುದು ಸಲ್ಲದು. ನಾಯಿಗೂ ನಮ್ಮ ನೋವಿನ ಮಾತ್ರೆಗಳನ್ನು ವೈದ್ಯರ ಅಪ್ಪಣೆಯಿಲ್ಲದೆ ಕೊಡಬಾರದು.

ಏನನ್ನು, ಎಷ್ಟು ಕೊಡಬೇಕು?

ನಿಷೇಧಗಳ ಪಟ್ಟಿಯನ್ನು ಓದಿದ ವಾಚಕರು ಹಾಗಾದರೆ ಕೊಡುವುದೇನನ್ನು ಎಂದು ಕೇಳಬಹುದು. ಉತ್ತರವು ಸುಲಭ. ಮಸಾಲೆ, ಉಪ್ಪು, ಹುಳಿಗಳು ಬೀಳುವುದಕ್ಕೆ ಮುನ್ನವೇ ನಾಯಿಯ ಪಾಲನ್ನು ತೆಗೆದಿಡಬೇಕು. ಬೆಂದ ಅನ್ನ ಅಥವಾ ಮುದ್ದೆ, ಬೆಂದ ಬೇಳೆ, ಬೇಯಿಸಿದ ಮೂಳೆಯಿಲ್ಲದ ಮಾಂಸ ಅಥವಾ ಮೊಟ್ಟೆ, ಬೆಂದ ಸಿಹಿಗುಂಬಳ, ಹುರುಳಿಕಾಯಿ, ಗಜ್ಜರಿ, ಇವಿಷ್ಟೂ ನಾಯಿಗೆ ಹಿತವಾದವು.

ಪ್ರಮಾಣವನ್ನು ಲೆಕ್ಕಹಾಕಲು ಒಂದು ಸೂತ್ರವಿದೆ. ಪ್ರಾಣಿಯ ವಿಶ್ರಾಂತಿಕಾಲದ ಶಕ್ತಿಯ ವ್ಯಯವು ಅದರ ತೂಕದ ಮುಕ್ಕಾಲು ಘಾತಕ್ಕೆ ಅನುಗುಣವಾಗಿರುವುದೆಂದು ಮ್ಯಾಕ್ಸ್ ಕ್ಲೈಬರ್ ಎಂಬ ವಿಜ್ಞಾನಿಯು 1932ರಲ್ಲಿ ತೋರಿಸಿದನು. ಕಿಲೋಗ್ರಾಮಿನಲ್ಲಿರುವ ತೂಕವನ್ನು 0.75 ಘಾತಕ್ಕೇರಿಸಿ 70ರಿಂದ ಗುಣಿಸಿದರೆ ದಿನವೊಂದರ ಕಿಲೋಕ್ಯಾಲೊರಿಗಳು ಬರುತ್ತವೆ. ಮನೆಯಲ್ಲಿರುವ ಬೆಳೆದ ನಾಯಿಗೆ ಇದರ ಸುಮಾರು 1.6 ಪಟ್ಟು ಬೇಕಾಗುತ್ತದೆ. 10 ಕಿಲೋಗ್ರಾಮಿನ ನಾಯಿಗೆ ಈ ಲೆಕ್ಕದಂತೆ ದಿನಕ್ಕೆ ಸುಮಾರು 630. 20 ಕಿಲೋಗ್ರಾಮಿನದಕ್ಕೆ ಸುಮಾರು 1,060. ತೂಕವು ಎರಡರಷ್ಟಾದರೆ ಆಹಾರವು ಎರಡರಷ್ಟಾಗುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಬೇಕಿದ್ದಕ್ಕಿಂತ ಹೆಚ್ಚು ಉಣಿಸಿ, ಅಂಗಳದಲ್ಲಿ ಕಟ್ಟಿಹಾಕಿದ ನಾಯಿಯಲ್ಲಿ ಕೊಬ್ಬು ಬೆಳೆದು ಕೀಲುಗಳಿಗೂ ಹೃದಯಕ್ಕೂ ಭಾರವಾಗುತ್ತದೆ.

200 ಗ್ರಾಂ ಅನ್ನ, 150 ಗ್ರಾಂ ಬೆಂದ ಕೋಳಿಮಾಂಸ, ಒಂದು ಮೊಟ್ಟೆ ಮತ್ತು ಒಂದಿಷ್ಟು ತರಕಾರಿ ಸೇರಿದರೆ ಮೊದಲ ನಾಯಿಯ ದಿನದ ಶಕ್ತಿಯು ದೊರೆಯುತ್ತದೆ. ಆದರೆ ಅದಕ್ಕೆ ಬೇಕಾದ 600 ಮಿಲಿಗ್ರಾಮಿಗೂ ಮಿಕ್ಕ ಸುಣ್ಣಾಂಶದಲ್ಲಿ 100 ಮಿಲಿಗ್ರಾಂ ಸಹ ಈ ಊಟದಲ್ಲಿ ದೊರೆಯದು. ಕೊರತೆಯನ್ನು ತುಂಬಲು ದೇಹವು ತನ್ನ ಎಲುಬುಗಳನ್ನೇ ಕರಗಿಸತೊಡಗುತ್ತದೆ. ಬೆಳೆಯುವ ಮರಿಗಳ ಕಾಲು ಸೊಟ್ಟಗಾಗುವುದಕ್ಕೆ ಇದೂ ಒಂದು ಕಾರಣ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದ್ದು, ಈ ದೃಷ್ಟಿಯಿಂದ ಅದು ಅಕ್ಕಿಗಿಂತ ಎಷ್ಟೋ ಮೇಲು. ಆದರೂ ಅದರಲ್ಲಿನ ಫೈಟಿಕ್ ಆಮ್ಲವು ಸುಣ್ಣಾಂಶದ ಹೀರಿಕೆಗೆ ಅಡ್ಡಿಯಾಗುವುದರಿಂದ ಅದೊಂದನ್ನೇ ನೆಚ್ಚುವಂತಿಲ್ಲ. ಮನೆಯ ಅಡಿಗೆಯ ಮೇಲೆಯೇ ನಾಯಿಯನ್ನು ಸಾಕುವವರು ಸುಣ್ಣಾಂಶವನ್ನೂ ಜೀವಸತ್ವಗಳನ್ನೂ ಎಷ್ಟು ಸೇರಿಸಬೇಕೆಂಬುದನ್ನು ವೈದ್ಯರಿಂದ ಬರೆಸಿಕೊಳ್ಳಬೇಕು.

ಉಣ್ಣಿ ಜ್ವರ

ಈರುಳ್ಳಿಯು ಒಳಗಿನಿಂದ ರಕ್ತಕಣಗಳನ್ನು ನಾಶಮಾಡಿದರೆ, ಹೊರಗಿನಿಂದ ಬಂದು ಅದೇ ಕೆಲಸಮಾಡುವ ಶತ್ರುವೊಂದಿದೆ. ಅದೇ ಉಣ್ಣಿ ಅಥವಾ ಉಣುಗು. ಬೆಂಗಳೂರಿನ ಸಮಶೀತೋಷ್ಣ ಹವೆಯಲ್ಲಿ ಕಂದುಬಣ್ಣದ ನಾಯಿಯುಣ್ಣಿಯು ವರ್ಷವಿಡೀ ಬದುಕಬಲ್ಲುದು. ಅದರ ಮರಿ, ಎಳೆಯುಣ್ಣಿ, ಬೆಳೆದುಣ್ಣಿ, ಈ ಮೂರು ಅವಸ್ಥೆಗಳೂ ಒಂದೊಂದು ಬಾರಿ ರಕ್ತವನ್ನು ಹೀರಿ ನಾಯಿಯ ಮೈಯಿಂದ ಕೆಳಕ್ಕೆ ಬೀಳುತ್ತವೆ. ಹೆಣ್ಣುಣ್ಣಿಯು ಗೋಡೆಯ ಬಿರುಕುಗಳಲ್ಲಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ತನ್ನ ಆಯುಷ್ಯದ ಬಹುಭಾಗವನ್ನು ಅದು ನಾಯಿಯ ಮೈಮೇಲಲ್ಲ, ಕಾಂಪೌಂಡಿನ ಸಂದುಗಳಲ್ಲಿ ಕಳೆಯುತ್ತದೆ. ಆದುದರಿಂದ ನಾಯಿಯನ್ನು ಮಾತ್ರ ತೊಳೆದು, ಅದು ಮಲಗುವ ಜಾಗವನ್ನು ಹಾಗೆಯೇ ಬಿಟ್ಟರೆ ಉಣ್ಣಿಯು ಮರಳಿ ಬರುವುದರಲ್ಲಿ ಆಶ್ಚರ್ಯವಿಲ್ಲ.

ಉಣ್ಣಿಯು ಹೀರುವ ರಕ್ತಕ್ಕಿಂತ ಅದು ಬಿಟ್ಟುಹೋಗುವ ಸೂಕ್ಷ್ಮಜೀವಿಗಳು ಹೆಚ್ಚು ಅಪಾಯಕರ. ಇವುಗಳಲ್ಲಿ ಎರಡು ಮುಖ್ಯವಾದವು. ಎರ್ಲಿಕಿಯ ಎಂಬ ಸೂಕ್ಷ್ಮಾಣುವು ಬಿಳಿಯ ರಕ್ತಕಣಗಳಲ್ಲಿ ನೆಲೆಸುತ್ತದೆ. ರಕ್ತವನ್ನು ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳ ಸಂಖ್ಯೆ ಕುಸಿದು, ಮೂಗಿನಿಂದ ರಕ್ತ ಸುರಿಯುವುದೂ ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆಗಳು ಏಳುವುದೂ ಉಂಟು. ಬೇಬೀಸಿಯ ಎಂಬ ಏಕಕೋಶಜೀವಿಯು ಕೆಂಪುಕಣಗಳನ್ನೇ ಹೊಕ್ಕು ಒಡೆಯುತ್ತದೆ. ಬೇಬೀಸಿಯ ಗಿಬ್ಸೋನಿ ಎಂಬ ಪ್ರಭೇದವನ್ನು ಜಗತ್ತು ಮೊದಲು ಅರಿತದ್ದು ನಮ್ಮ ನೆರೆಯ ಮದರಾಸಿನಲ್ಲಿಯೇ; ಅಲ್ಲಿನ ಬೇಟೆನಾಯಿಗಳ ರಕ್ತದಲ್ಲಿ ಅದನ್ನು ಕಂಡು 1910ರಲ್ಲಿ ಪ್ಯಾಟನ್ ಎಂಬ ವಿಜ್ಞಾನಿಯು ವರ್ಣಿಸಿದನು.

ಜ್ವರ, ಆಹಾರದಲ್ಲಿ ಅರುಚಿ, ಬಿಳಿಚಿದ ವಸಡು, ಇವು ಎರಡರಲ್ಲಿಯೂ ಸಾಮಾನ್ಯವಾದ ಲಕ್ಷಣಗಳು. ಆದರೆ ಚಿಕಿತ್ಸೆಯು ಬೇರೆ ಬೇರೆ. ಎರ್ಲಿಕಿಯಕ್ಕೆ ಸುಮಾರು ನಾಲ್ಕು ವಾರಗಳವರೆಗೆ ಕೊಡುವ ಡಾಕ್ಸಿಸೈಕ್ಲಿನ್ನಿನಿಂದ ಬೇಬೀಸಿಯವು ವಾಸಿಯಾಗುತ್ತದೆಂದು ನಂಬುವಂತಿಲ್ಲ. ಆದುದರಿಂದ ರಕ್ತಪರೀಕ್ಷೆಯಿಲ್ಲದೆ ಅಂಗಡಿಯಿಂದ ಔಷಧವನ್ನು ತಂದು ಕೊಡುವುದು ಕತ್ತಲೆಯಲ್ಲಿ ಕಲ್ಲೆಸೆದಂತೆ. ಮೈಗೆ ಕಚ್ಚಿದ ಉಣ್ಣಿಯನ್ನು ಚಿಮುಟದಿಂದ ಚರ್ಮಕ್ಕೆ ಸಮೀಪದಲ್ಲಿ ಹಿಡಿದು ನೇರವಾಗಿ ಎಳೆಯಬೇಕು, ಸೀಮೆಎಣ್ಣೆಯನ್ನು ಸುರಿಯಬಾರದು. ನಾಯಿಯ ಉಣ್ಣಿಗೆಂದು ಮಾರುವ ಪರ್ಮೆಥ್ರಿನ್ ಔಷಧವನ್ನು ಬೆಕ್ಕಿಗೆ ಹಚ್ಚಿದರೆ ಅದು ಸೆಳವು ಬಂದು ಸಾಯಬಹುದು. ಅದನ್ನು ನಿರಪಾಯಗೊಳಿಸಲಾರದ ದುರ್ಬಲತೆಯು ಹಿಂದೆ ಹೇಳಿದ ಪಿತ್ತಜನಕಾಂಗದ್ದೇ.

ಲಸಿಕೆಯಿಂದ ತಡೆಯಬಹುದಾದ ರೋಗಗಳು

1978ರ ಸುಮಾರಿಗೆ ಹೊಸದಾಗಿ ತಲೆದೋರಿ ಲೋಕವನ್ನೆಲ್ಲ ವ್ಯಾಪಿಸಿದ ಪಾರ್ವೊ ಎಂಬ ವೈರಸ್ ರೋಗವು ಮರಿಗಳಲ್ಲಿ ರಕ್ತಭೇದಿಯನ್ನುಂಟುಮಾಡಿ ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ. ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲುದು. ಆದುದರಿಂದ ಮರಿಗೆ 6ರಿಂದ 8 ವಾರಗಳಾದಾಗ ಮೊದಲ ಲಸಿಕೆಯನ್ನು ಹಾಕಿಸಿ, 16 ವಾರಗಳಾಗುವವರೆಗೆ ಮೂರು ನಾಲ್ಕು ವಾರಗಳಿಗೊಮ್ಮೆ ಮತ್ತೆ ಹಾಕಿಸಬೇಕು. ಒಂದೇ ಬಾರಿ ಏಕೆ ಸಾಲದು? ತಾಯಿಯ ಹಾಲಿನಿಂದ ಬಂದ ಪ್ರತಿಕಾಯಗಳು ಮರಿಯನ್ನು ಕಾಯುವುದರ ಜೊತೆಗೆ ಲಸಿಕೆಯನ್ನೂ ನಿಷ್ಫಲಗೊಳಿಸುತ್ತವೆ; ಅವು ಯಾವ ವಾರದಲ್ಲಿ ಕರಗುವುವೆಂದು ಹೊರಗಿನಿಂದ ತಿಳಿಯಲಾಗದು.

ಮಳೆಗಾಲದಲ್ಲಿ ಮೋರಿಗಳು ಉಕ್ಕಿ, ಮೈಸೂರು ರಸ್ತೆಯಿಂದ ಕೆಂಗೇರಿಯ ಕಡೆಗೆ ಹರಿಯುವ ವೃಷಭಾವತಿಯ ತಗ್ಗುಗಳಲ್ಲಿ ನೀರು ನಿಂತಾಗ, ಇಲಿಗಳ ಮೂತ್ರದಿಂದ ಲೆಪ್ಟೊಸ್ಪೈರ ಎಂಬ ಸೂಕ್ಷ್ಮಾಣುವು ಹರಡುವ ಭಯವಿರುತ್ತದೆ. ಅದು ನಾಯಿಗೂ ನಮಗೂ ತಗಲುವ ರೋಗ. ನಿಂತ ನೀರನ್ನು ನಾಯಿಯು ಕುಡಿಯದಂತೆ ನೋಡಿಕೊಳ್ಳಬೇಕು.

ಹುಚ್ಚುನಾಯಿ ರೋಗದ ವಿಷಯದಲ್ಲಂತೂ ಉದಾಸೀನವು ಸಲ್ಲದು. ಲಕ್ಷಣಗಳು ತೋರಿದ ಬಳಿಕ ಅದಕ್ಕೆ ಮದ್ದಿಲ್ಲ. ಮನುಷ್ಯರಲ್ಲಿ ಈ ರೋಗವು ಕಂಡರೆ ಕಡ್ಡಾಯವಾಗಿ ವರದಿಮಾಡಬೇಕೆಂದು 2022ರಲ್ಲಿ ಕರ್ನಾಟಕ ಸರಕಾರವು ವಿಧಿಸಿತು. ಮೂರು ತಿಂಗಳು ತುಂಬಿದ ಮರಿಗೆ ಲಸಿಕೆ ಹಾಕಿಸಿ, ವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಮುಂದುವರಿಸಬೇಕು. ಯಾವ ನಾಯಿಯಾದರೂ ಕಚ್ಚಿದರೆ ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು ಕೂಡಲೆ ಆಸ್ಪತ್ರೆಗೆ ಹೋಗಬೇಕು.

ವಸಡನ್ನು ನೋಡುವ ಅಭ್ಯಾಸ

ಪ್ರಾಣಿಯು ತನ್ನ ನೋವನ್ನು ಬಾಯಿಬಿಟ್ಟು ಹೇಳಲಾರದು. ಆದರೆ ಅದರ ಬಾಯಿಯನ್ನೇ ನಾವು ಓದಬಹುದು. ವಾರಕ್ಕೊಮ್ಮೆ ನಾಯಿಯ ಮೇಲ್ದುಟಿಯನ್ನೆತ್ತಿ ವಸಡನ್ನು ನೋಡಿರಿ. ಅದು ನಸುಗೆಂಪಾಗಿರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗವು ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಕೆಲವು ನಾಯಿಗಳ ವಸಡು ಹುಟ್ಟಿನಿಂದಲೇ ಕಪ್ಪಗಿರುತ್ತದೆ; ಅಂತಹವುಗಳಲ್ಲಿ ಕಣ್ಣಿನ ಕೆಳರೆಪ್ಪೆಯ ಒಳಭಾಗವನ್ನು ನೋಡಬಹುದು. ಸುಖವಾಗಿರುವ ನಾಯಿಯ ಮೈಶಾಖವು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್; ನಮ್ಮ ಅಂಗೈಗೆ ಅದು ಯಾವಾಗಲೂ ಬೆಚ್ಚಗೆ ತೋರುವುದರಿಂದ, ಜ್ವರವನ್ನು ಉಷ್ಣಮಾಪಕದಿಂದಲೇ ತಿಳಿಯಬೇಕು. ನಿದ್ರೆಯಲ್ಲಿ ಅದರ ಉಸಿರು ನಿಮಿಷಕ್ಕೆ 30ನ್ನು ಮೀರಬಾರದು.

ವಸಡು ಬಿಳಿಚಿದ್ದರೆ ಈರುಳ್ಳಿಯ ದೋಷವೋ ಉಣ್ಣಿ ಜ್ವರವೋ ಎಂದು ಮನೆಯಲ್ಲಿ ಕುಳಿತು ನಿರ್ಣಯಿಸಬೇಕಾದುದಿಲ್ಲ. ಸಮೀಪದ ಪಶುವೈದ್ಯಶಾಲೆಗೆ ಕೊಂಡೊಯ್ದು, ಕಳೆದ ಒಂದು ವಾರದಲ್ಲಿ ಏನೇನು ತಿನ್ನಿಸಿದೆವೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಜಟಿಲವಾದ ರೋಗಗಳಿಗೆ 1958ರಲ್ಲಿ ಸ್ಥಾಪಿತವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂತಹ ಸಂಸ್ಥೆಯು ನಮ್ಮ ನಗರದಲ್ಲಿಯೇ ಇದೆ.

ನಾಳೆ ರಾತ್ರಿ ನಿಮ್ಮ ಮನೆಯಲ್ಲಿ ಬೇಳೆ ಬೆಂದಾಗ ಒಂದು ಕೆಲಸವನ್ನು ಮಾಡಿರಿ. ಹುಣಸೆ, ಉಪ್ಪು, ಸಾರಿನಪುಡಿ, ಈರುಳ್ಳಿಗಳು ಬೀಳುವ ಮುನ್ನ ಒಂದು ಸೌಟು ಬೇಳೆಯನ್ನು ಪಕ್ಕಕ್ಕೆ ತೆಗೆದಿಡಿರಿ. ಬಾಗಿಲ ಬಳಿ ಕಾದಿರುವ ನಾಯಿಯು ಅದನ್ನೂ ಅಷ್ಟೇ ಸಂತೋಷದಿಂದ ನೆಕ್ಕುತ್ತದೆ.